ಹುಲಾ, ಕೇದಗೆ ಮತ್ತು ಒಂದು ಪುಕ್ಕಟೆ ಪಾಠ

ಈ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ರಿಲೀಸು, ಅದಾದ ಮೇಲೆ ರಿಲೀಸಿನ ಬಗ್ಗುಗಳು, ಅದಾದ ಮೇಲೆ ಆ ಬಗ್ಗುಗಳು ಯಾಕೆ ಬಂದವು ಅಂತ ಮೀಟಿಂಗುಗಳು... ನಿಮಗೆ ಗೊತ್ತಿರೋದೇ. ನಿನ್ನೆ ಮೇಜಿನ ಡ್ರಾಯರಿನಲ್ಲಿ ಪಾಸ್‌ಪೋರ್ಟ್ ಫೋಟೋ ಹುಡುಕುವಾಗ ಒಂದು ಕಡಗ ಸಿಕ್ಕಿತು. ಒಣ ಎಲೆಯಲ್ಲಿ ಹೆಣೆದದ್ದು. ಒಂದು ಕಡೆ ಸೊಟ್ಟ, ಇನ್ನೊಂದು ಕಡೆ ಅದಕ್ಕಿಂತ ಸೊಟ್ಟ. ನಾನೇ ಹೆಣೆದದ್ದು :)

ಕಂಪನಿ ಕೆಲಸಕ್ಕೆಂದು ಸ್ಯಾನ್ ಹೋಸೆಗೆ ಹೋಗಿದ್ದಾಗ ನಾಲ್ಕು ದಿನ ರಜೆ ಸಿಕ್ಕಿತ್ತು. ಜೊತೆಯವರೆಲ್ಲ ಹೊರಟರು ಅಂತ ನಾನೂ ಹೊನೊಲುಲುವಿಗೆ ಹೊರಟೆ. ವೈಕೀಕಿಯ ಸಮುದ್ರ ತೀರ, ನೀಲಿ ನೀರು, ಫೋಟೋ... ಇಷ್ಟೇ ತಲೆಯಲ್ಲಿದ್ದದ್ದು. ಎರಡನೇ ದಿನ ಮಳೆ. ಒದ್ದೆಯಾಗಬಾರದು ಅಂತ ಒಂದು ದೊಡ್ಡ ಶಾಪಿಂಗ್ ಸೆಂಟರ್ ಒಳಗೆ ನುಗ್ಗಿದೆ. ಒಂದು ವಾಚಿನ ಬೆಲೆ ನನ್ನ ವರ್ಷದ ಬಾಡಿಗೆಗಿಂತ ಹೆಚ್ಚಿರುವಂಥ ಅಂಗಡಿಗಳ ನಡುವೆ, ಒಂದು ಮೂಲೆಯಲ್ಲಿ, ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು ನಾಲ್ಕೈದು ಜನರನ್ನು ಕೂರಿಸಿಕೊಂಡು ಎಲೆ ಹೆಣೆಯೋದು ಕಲಿಸ್ತಾ ಇದ್ದರು. ಪಕ್ಕದಲ್ಲಿ ಬೋರ್ಡು: ಪ್ರವೇಶ ಉಚಿತ. ಪುಕ್ಕಟೆ ಅಂದ್ರೆ ನಾವು ಬಿಡ್ತೀವಾ? ಕೂತೆ.

ಎಲೆ ಕೈಗೆ ಬಂದಾಗ ಒಂದು ಕ್ಷಣ ತಬ್ಬಿಬ್ಬಾದೆ. ಉದ್ದನೆಯ ಎಲೆ, ಅಂಚಿನುದ್ದಕ್ಕೂ ಮುಳ್ಳು ಕಿತ್ತ ಗುರುತು. ಇದು ನಮ್ಮ ಕೇದಗೆಯ ಜಾತಿಯದ್ದಲ್ವಾ! ನಮ್ಮ ಕರಾವಳಿ ಕಡೆ ಮುಂಡೇವು ಅನ್ನೋದು, ಅಷ್ಟಮಿಗೆ ಮೂಡೆ ಕಟ್ಟೋದಕ್ಕೆ ಬೇಕಾದ ಎಲೆ. ಹವಾಯಿಯಲ್ಲಿ ಈ ಮರಕ್ಕೆ ಹಲ ಅಂತಾರೆ. ಲಾವು ಅಂದರೆ ಎಲೆ, ಹಾಗಾಗಿ ಹೆಣಿಗೆಯ ಹೆಸರು ಲಾವುಹಲ. "ಈ ಎಲೆ ನಮ್ಮ ಊರಲ್ಲೂ ಇದೆ ಆಂಟಿ" ಅಂದೆ. (ಹವಾಯಿಯಲ್ಲಿ ಹಿರಿಯ ಹೆಂಗಸರನ್ನು ಆಂಟಿ ಅಂತಲೇ ಕರೆಯೋದು, ಥೇಟ್ ನಮ್ಮ ಹಾಗೆ!) ಅವರಿಗೆ ಖುಷಿಯಾಯ್ತು. ಮನೆಯಲ್ಲಿ ಯಾರು ಹೆಣೀತಾರೆ ಅಂತ ಕೇಳಿದರು. ಅಜ್ಜಿ ಚಾಪೆ ಹೆಣೀತಿದ್ದರು ಅಂದೆ. "ನಿನಗೆ ಬರುತ್ತಾ?" ಅಂತ ಕೇಳಿದರು. ಇಲ್ಲ ಅಂದೆ. ಅವರು ಮತ್ತೇನೂ ಹೇಳಲಿಲ್ಲ, ಎರಡು ಪಟ್ಟಿ ಎಲೆ ನನ್ನ ಕೈಗೆ ಕೊಟ್ಟು ಮೊದಲಿಂದ ಶುರು ಮಾಡಿದರು.

ಒಂದು ಗಂಟೆ ಕಲಿಸಿದರು. ಹೊರಡುವಾಗ ಪರ್ಸು ತೆಗೆದೆ. ಬೇಡ ಅಂದರು. ಅವತ್ತಿಂದ ಒಂದು ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿದೆ. ಕಾಫಿಗೆ ಆರು ಡಾಲರ್ ಕೀಳುವ ಆ ಬೀದಿಯಲ್ಲಿ ಇದೊಂದು ಮಾತ್ರ ಯಾಕೆ ಪುಕ್ಕಟೆ? ಬರೀ ಪ್ರವಾಸಿಗರನ್ನು ಸೆಳೆಯೋಕಾ? ವಾಪಸ್ ಬಂದ ಮೇಲೆ ರಾತ್ರಿ ರಾತ್ರಿ ಕೂತು ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡ್ತಾ ಇದ್ದೀನಿ.

ಮೊದಲು ಹುಲಾ ಅಂದರೆ ಏನು ಅಂತ ನೋಡೋಣ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಸಿನಿಮಾದಲ್ಲಿ ಕಾಣುವ ಹುಲ್ಲಿನ ಲಂಗ, ಸೊಂಟ ಕುಣಿಸುವ ಹುಡುಗಿಯರು, ಅಷ್ಟೇ. ಆ ಹುಲ್ಲಿನ ಲಂಗ ಹವಾಯಿಯ ಹಳೆಯ ಉಡುಪೇ ಅಲ್ಲ! ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಗಿಲ್ಬರ್ಟ್ ದ್ವೀಪಗಳ ಕಡೆಯಿಂದ ಬಂದದ್ದು. ಹಳೆಯ ಕಾಲದಲ್ಲಿ ಹುಲಾ ಮಾಡುವವರು ಉಡುತ್ತಿದ್ದದ್ದು ಕಪ ಅನ್ನುವ ಬಟ್ಟೆ. ನಮ್ಮ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ ವೌಕೆ ಅನ್ನುವ ಗಿಡದ ತೊಗಟೆಯ ಒಳನಾರನ್ನು ನೆನೆಸಿ, ಬಡಿದು ಬಡಿದು ಅಗಲ ಮಾಡಿ ತಯಾರಿಸುತ್ತಿದ್ದ ಬಟ್ಟೆ ಅದು.

ಹುಲಾದ ಮೂಲ ಕುಣಿತ ಅಲ್ಲ, ಪದ್ಯ. ಮೆಲೆ ಅಂತಾರೆ. ದೇವರು, ರಾಜರ ವಂಶಾವಳಿ, ಮಳೆ, ಗಾಳಿ, ಪ್ರೀತಿ ಎಲ್ಲವೂ ಮೆಲೆಯಲ್ಲಿ. ಆಗ ಹವಾಯಿಗೆ ಲಿಪಿ ಇರಲಿಲ್ಲ. ಹಾಗಾಗಿ ಇತಿಹಾಸ ಇದ್ದದ್ದೇ ಈ ಪದ್ಯಗಳಲ್ಲಿ, ಅದನ್ನು ಬಾಯಿಪಾಠ ಮಾಡಿದವರ ತಲೆಯಲ್ಲಿ. ಕಾಲು ತಾಳ ಹಿಡಿಯುತ್ತೆ, ಕೈ ಮತ್ತು ಕಣ್ಣು ಪದ್ಯದ ಅರ್ಥ ಹೇಳುತ್ತೆ. ಪದ್ಯಕ್ಕೆ ಮೇಲೊಂದು ಅರ್ಥ, ಒಳಗೊಂದು ಅರ್ಥ. ಆ ಒಳ ಅರ್ಥಕ್ಕೆ ಅವರು ಕವೊನ ಅಂತಾರೆ. ನಮ್ಮ ಅಲಂಕಾರಶಾಸ್ತ್ರದವರಾಗಿದ್ದರೆ ಧ್ವನಿ ಅನ್ನುತ್ತಿದ್ದರೇನೋ. ತಾಳಕ್ಕೆ ಎರಡು ಸೋರೆ ಬುರುಡೆಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಇಪು, ಶಾರ್ಕ್ ಮೀನಿನ ಚರ್ಮ ಬಿಗಿದ ಪಹು ಅನ್ನುವ ಡೋಲು. ಕಲಿಸುವ ಶಾಲೆ ಹಾಲೌ, ಗುರು ಕುಮು. ಹಳೆಯ ಹಾಲೌಗಳಲ್ಲಿ ಲಕ ಅನ್ನುವ ದೇವತೆಗೆ ಕಾಡಿನ ಸೊಪ್ಪು ಹೂವುಗಳ ಪೀಠ ಇರುತ್ತಿತ್ತು, ಕಲಿಯುವವರಿಗೆ ಬಿಗಿಯಾದ ಕಟ್ಟುಪಾಡು ಇರುತ್ತಿತ್ತು. ಅಂದರೆ ಹಳೆಯ ಹುಲಾ ಬೀದಿಯಲ್ಲಿ ಹೋಗುವ ಯಾರಿಗೂ ಹೇಳಿಕೊಡುವ ವಿದ್ಯೆ ಆಗಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1819ರಲ್ಲಿ ದ್ವೀಪಗಳನ್ನೆಲ್ಲ ಒಂದು ಮಾಡಿದ ಮೊದಲನೇ ಕಮೇಹಮೇಹ ತೀರಿಕೊಂಡ. ಅದೇ ವರ್ಷ ಹಳೆಯ ಧರ್ಮದ ಕಪು ಅನ್ನುವ ವಿಧಿನಿಷೇಧಗಳನ್ನು ಅರಮನೆಯೇ ಮುರಿದುಹಾಕಿತು. ಮರುವರ್ಷ, 1820ರಲ್ಲಿ, ಥ್ಯಾಡಿಯಸ್ ಅನ್ನುವ ಹಡಗಿನಲ್ಲಿ ಅಮೆರಿಕದ ಪ್ರಾಟೆಸ್ಟೆಂಟ್ ಮಿಷನರಿಗಳು ಬಂದಿಳಿದರು. ಅವರಿಗೆ ಹುಲಾ ಅಂದರೆ ವಿಗ್ರಹಾರಾಧನೆ ಮತ್ತು ಅಶ್ಲೀಲ, ಎರಡೂ. 1830ರಲ್ಲಿ ಸಾರ್ವಜನಿಕವಾಗಿ ಹುಲಾ ಮಾಡಬಾರದು ಅಂತ ಆಜ್ಞೆಯಾಯ್ತು. ಆಜ್ಞೆ ಹೊರಡಿಸಿದ್ದು ಮಿಷನರಿಗಳಲ್ಲ, ಕಮೇಹಮೇಹನ ಹೆಂಡತಿಯರಲ್ಲಿ ಒಬ್ಬಳಾದ, ಆಗ ಅಧಿಕಾರ ನಡೆಸುತ್ತಿದ್ದ ಕಅಹುಮನು. ಆಕೆ ಅಷ್ಟರಲ್ಲಿ ಕ್ರೈಸ್ತಳಾಗಿದ್ದಳು. ಆಕೆ 1832ರಲ್ಲಿ ತೀರಿಕೊಂಡ ಮೇಲೆ ಹೊಸ ರಾಜ ಮೂರನೇ ಕಮೇಹಮೇಹ ಕೆಲಕಾಲ ಹುಲಾಕ್ಕೆ ಮತ್ತೆ ಅವಕಾಶ ಕೊಟ್ಟ. ಆದರೆ 1850ರ ದಶಕದಲ್ಲಿ ಹೊಸ ಕಾನೂನು ಬಂತು. ಸಾರ್ವಜನಿಕವಾಗಿ ಹುಲಾ ಪ್ರದರ್ಶನ ಮಾಡಬೇಕಾದರೆ ಲೈಸೆನ್ಸ್ ತಗೋಬೇಕು, ಅದಕ್ಕೆ ದುಡ್ಡು ಕಟ್ಟಬೇಕು. ಇಲ್ಲಾಂದ್ರೆ ದಂಡ, ಜೈಲು.

ಓದುತ್ತಾ ಇಲ್ಲಿ ನಾನು ನಿಂತೆ. ಪುಕ್ಕಟೆ ಅನ್ನುವ ಬೋರ್ಡಿನ ಹಿಂದೆ ಇಂಥ ಒಂದು ಕಾಲ ಇದೆ! ತನ್ನದೇ ಊರಿನಲ್ಲಿ ತನ್ನ ಪದ್ಯಕ್ಕೆ ಕುಣಿಯೋಕೆ ದುಡ್ಡು ಕಟ್ಟಿ ಅಪ್ಪಣೆ ತಗೋಬೇಕಾಗಿದ್ದ ಕಾಲ.

ಮಿಷನರಿಗಳನ್ನು ಬರೀ ಬೈದು ಮುಗಿಸುವ ಹಾಗೂ ಇಲ್ಲ. ಹವಾಯಿ ಭಾಷೆಗೆ ರೋಮನ್ ಅಕ್ಷರ ಹೊಂದಿಸಿ 1822ರಲ್ಲಿ ಮೊದಲ ಮುದ್ರಣ ಮಾಡಿದವರೂ ಅವರೇ. 1834ರಲ್ಲಿ ಮೊದಲ ಹವಾಯಿ ಭಾಷೆಯ ಪತ್ರಿಕೆ ಬಂತು. (ಅದೇ 1834ರಲ್ಲೇ ಬಾಸೆಲ್ ಮಿಷನ್ನಿನವರು ನಮ್ಮ ಮಂಗಳೂರಿಗೆ ಬಂದದ್ದು. ಮಂಗಳೂರ ಸಮಾಚಾರ ಬಂದದ್ದು 1843ರಲ್ಲಿ.) ಜನ ಎಷ್ಟು ಬೇಗ ಓದು ಕಲಿತರು ಅಂದರೆ ಮುಂದಿನ ನೂರು ವರ್ಷದಲ್ಲಿ ಹವಾಯಿ ಭಾಷೆಯಲ್ಲಿ ನೂರರಷ್ಟು ಪತ್ರಿಕೆಗಳು ಬಂದವು. ಹವಾಯಿ ಜನರೇ ಆ ಪತ್ರಿಕೆಗಳಿಗೆ ಹಳೆಯ ಮೆಲೆ, ಪುರಾಣ, ವಂಶಾವಳಿ ಬರೆದು ಕಳಿಸಿದರು. ಯಾರು ನಿಲ್ಲಿಸೋಕೆ ಹೊರಟಿದ್ದರೋ ಅವರು ಕೊಟ್ಟ ಅಕ್ಷರದಲ್ಲೇ ಉಳಿಸಿಕೊಂಡರು ನೋಡಿ.

ಕೈಕಸುಬಿನ ಕಥೆಯೂ ಹೀಗೇ. ಅದೇ ಥ್ಯಾಡಿಯಸ್ ಹಡಗಿನ ಮೇಲೆ 1820ರ ಏಪ್ರಿಲ್‌ನಲ್ಲಿ ಮಿಷನರಿಗಳ ಹೆಂಡತಿಯರು ಹವಾಯಿಯ ರಾಜಮನೆತನದ ಹೆಂಗಸರನ್ನು ಕೂರಿಸಿಕೊಂಡು ಹೊಲಿಗೆ ಕಲಿಸಿದರಂತೆ. ಹತ್ತಿಬಟ್ಟೆ ಬಂದ ಮೇಲೆ ಕಪ ಬಡಿಯುವವರು ಕಮ್ಮಿಯಾಗುತ್ತಾ ಹೋದರು, ಶತಮಾನದ ಕೊನೆಗೆ ಆ ವಿದ್ಯೆ ಹೆಚ್ಚು ಕಡಿಮೆ ನಿಂತೇಹೋಯ್ತು. ಆದರೆ ಕ್ವಿಲ್ಟ್ ಅನ್ನುವ ಹೊದಿಕೆಯನ್ನು ಹವಾಯಿ ಹೆಂಗಸರು ಪೂರ್ತಿ ತಮ್ಮದು ಮಾಡಿಕೊಂಡರು. ಅಮೆರಿಕದವರು ತುಂಡು ಬಟ್ಟೆ ಜೋಡಿಸಿ ಹೊಲಿಯುತ್ತಿದ್ದರು, ನಮ್ಮ ಕೌದಿಯ ಹಾಗೆ. ಇವರು ಇಡೀ ಬಟ್ಟೆಯನ್ನು ಎಂಟು ಮಡಿಕೆ ಮಡಿಚಿ ಒಂದೇ ಸಲ ಕತ್ತರಿಸಿ ಬಿಡಿಸಿದರು. ನಾವು ಚಿಕ್ಕವರಿದ್ದಾಗ ಪೇಪರ್ ಮಡಿಚಿ ಕತ್ತರಿಸಿ ಹೂ ಮಾಡ್ತಿದ್ವಲ್ಲ, ಹಾಗೆ. ಅದನ್ನು ಇನ್ನೊಂದು ಬಣ್ಣದ ಬಟ್ಟೆಯ ಮೇಲೆ ಇಟ್ಟು ಹೊಲಿದರು. ವಿನ್ಯಾಸಗಳಲ್ಲಿ ಬಹಳ ಪ್ರಿಯವಾದದ್ದು ಉಲು, ಅಂದರೆ ನಮ್ಮ ಜೀಗುಜ್ಜೆ!

ನಂತರ ಬಂದವನು ಕಲಾಕೌವ ರಾಜ. 1883ರ ಫೆಬ್ರವರಿಯಲ್ಲಿ ಹೊನೊಲುಲುವಿನ ಇಯೊಲಾನಿ ಅರಮನೆಯಲ್ಲಿ ಅವನ ಪಟ್ಟಾಭಿಷೇಕ. ದೊಡ್ಡವರೆನಿಸಿಕೊಂಡವರು ಮೂಗು ಮುರಿದರೂ ಲೆಕ್ಕಿಸದೆ ಅರಮನೆಯ ಅಂಗಳದಲ್ಲೇ ಹುಲಾ ಮಾಡಿಸಿದ. ಯಾವ ಯಾವ ಮೆಲೆ ಅಂತ ಒಂದು ಪಟ್ಟಿ ಅಚ್ಚಾಗಿತ್ತು. ಆ ಪಟ್ಟಿ ಅಶ್ಲೀಲ ಅಂತ ಕೋರ್ಟಿಗೆ ಎಳೆದರು! ಅವನು ಹೆದರಲಿಲ್ಲ. 1886ರಲ್ಲಿ ತನ್ನ ಐವತ್ತನೇ ಹುಟ್ಟುಹಬ್ಬಕ್ಕೆ ಮತ್ತೆ ಮಾಡಿಸಿದ.

ಅವನ ತಂಗಿ ಲಿಲಿಉವೊಕಲಾನಿ ಹವಾಯಿಯ ಕೊನೆಯ ರಾಣಿ. 1893ರ ಜನವರಿ 17ರಂದು, ಅಮೆರಿಕದ ನೌಕಾಪಡೆಯ ಸೈನಿಕರು ಊರಿನಲ್ಲಿ ಇಳಿದಿರುವಾಗ, ವ್ಯಾಪಾರಿಗಳ ಮತ್ತು ಜಮೀನ್ದಾರರ ಗುಂಪು ಆಕೆಯನ್ನು ಕೆಳಗಿಳಿಸಿತು. 1895ರಲ್ಲಿ ಆಕೆಯನ್ನು ಆಕೆಯ ಅರಮನೆಯಲ್ಲೇ ಒಂದು ಕೋಣೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದರು. ಆಗ ರಾಣಿ ಕ್ವಿಲ್ಟ್ ಹೊಲಿದಳು. ಅದು ಈಗಲೂ ಇಯೊಲಾನಿ ಅರಮನೆಯಲ್ಲಿದೆ. ನಾನು ಹೊನೊಲುಲುವಿನಲ್ಲಿ ನಾಲ್ಕು ದಿನ ಇದ್ದು ಅದನ್ನು ನೋಡದೆ ಬಂದೆ ಅನ್ನೋದಕ್ಕೆ ಈಗ ಕೈ ಕೈ ಹಿಸುಕಿಕೊಳ್ಳುತ್ತಿದ್ದೇನೆ :( 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಮಾಧ್ಯಮ ಅಂತ ಕಾನೂನಾಯ್ತು. 1898ರಲ್ಲಿ ಹವಾಯಿ ಅಮೆರಿಕಕ್ಕೆ ಸೇರಿತು. ಅಷ್ಟರಲ್ಲಿ ಹೊರಗಿನಿಂದ ಬಂದ ರೋಗಗಳಿಗೆ ಸಿಕ್ಕಿ ಹವಾಯಿ ಜನ 1890ರ ಗಣತಿಯ ಹೊತ್ತಿಗೆ, ಮಿಶ್ರ ವಂಶದವರೂ ಸೇರಿ, ನಲವತ್ತು ಸಾವಿರದಷ್ಟು ಉಳಿದಿದ್ದರು.

ಕಲಿಸುವವರು ಸಾಯುತ್ತಿದ್ದಾರೆ, ಕಲಿಯಬೇಕಾದ ಮಕ್ಕಳಿಗೆ ಭಾಷೆಯೇ ಬರ್ತಾ ಇಲ್ಲ. ಎಷ್ಟೋ ಹಿರಿಯರು ತಪ್ಪಾಗಿ ಕಲಿತು ಹಾಳು ಮಾಡುವುದಕ್ಕಿಂತ ನಮ್ಮೊಂದಿಗೇ ಹೋಗಲಿ ಅಂತ ಬಾಯಿ ಮುಚ್ಚಿಕೊಂಡರು. ಇನ್ನು ಕೆಲವರು ಹೇಳಿಕೊಡೋಣ ಅಂತ ನಿರ್ಧರಿಸಿದರು. ಮೇರಿ ಕವೇನ ಪುಕುಯಿ ಅಂಥವರು. 1895ರಲ್ಲಿ ಹುಟ್ಟಿದ ಆಕೆಯನ್ನು ಅಲ್ಲಿನ ಪದ್ಧತಿಯಂತೆ ಅಜ್ಜಿಗೆ ಸಾಕಲು ಕೊಟ್ಟಿದ್ದರು. ಆ ಅಜ್ಜಿ ಎಮ್ಮಾ ರಾಣಿಯ ಆಸ್ಥಾನದಲ್ಲಿ ಹುಲಾ ಮಾಡಿದ್ದವಳು. ಅಜ್ಜಿಯ ಬಾಯಿಂದ ಕೇಳಿದ್ದನ್ನು ಪುಕುಯಿ ಜೀವಮಾನವಿಡೀ ಬರೆದರು, ಹೊನೊಲುಲುವಿನ ಬಿಷಪ್ ಮ್ಯೂಸಿಯಮ್ಮಿನಲ್ಲಿ ಕೂತು ಅನುವಾದಿಸಿದರು. 1957ರಲ್ಲಿ ಸ್ಯಾಮ್ಯುಯೆಲ್ ಎಲ್ಬರ್ಟ್ ಜೊತೆ ಸೇರಿ ನಿಘಂಟು ತಂದರು. ಮತ್ತೊಬ್ಬರು ಮಯಿಕಿ ಅಯೂ ಲೇಕ್. 1970ರ ದಶಕದ ಮೊದಲಲ್ಲಿ ಇವರು ಕುಣಿಯುವವರನ್ನಲ್ಲ, ಕಲಿಸುವವರನ್ನೇ ತಯಾರು ಮಾಡುವ ತರಗತಿ ಶುರು ಮಾಡಿದರು. ಇವತ್ತಿನ ದೊಡ್ಡ ದೊಡ್ಡ ಕುಮುಗಳಲ್ಲಿ ಎಷ್ಟೋ ಜನ ಆ ಮರದ ಕೊಂಬೆಗಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದೇ ಸರ್ವರ್ ಮೇಲೆ ಇದ್ದದ್ದನ್ನು ಹತ್ತು ಕಡೆ ಕಾಪಿ ಮಾಡಿ ಇಟ್ಟರು.

ಈಗ ಪುಕ್ಕಟೆಯ ವಿಷಯಕ್ಕೆ ಬರ್ತೀನಿ. ಪುಕ್ಕಟೆಯಲ್ಲೂ ಎರಡು ಥರ ಇದೆ. 1937ರಲ್ಲಿ ಕೊಡಕ್ ಕಂಪನಿಯ ಹವಾಯಿ ಶಾಖೆಯ ಫ್ರಿಟ್ಜ್ ಹರ್ಮನ್ ವೈಕೀಕಿಯಲ್ಲಿ ಒಂದು ಉಚಿತ ಹುಲಾ ಪ್ರದರ್ಶನ ಶುರು ಮಾಡಿದ. ರಾತ್ರಿಯ ಹೋಟೆಲ್ ಪ್ರದರ್ಶನಗಳಲ್ಲಿ ಫೋಟೋ ಸರಿಯಾಗಿ ಬರುವುದಿಲ್ಲ, ಹಗಲು ಬಿಸಿಲಿನಲ್ಲಿ ಕುಣಿಸಿದರೆ ಫಿಲಂ ಖರ್ಚಾಗುತ್ತೆ! ಹುಡುಗಿಯರು ದೊಡ್ಡ ದೊಡ್ಡ ಅಕ್ಷರ ಹಿಡಿದು ಹವಾಯಿ ಅಂತ ಸಾಲಾಗಿ ನಿಲ್ಲುತ್ತಿದ್ದರು. ಅದು 2002ರವರೆಗೆ ನಡೆಯಿತು. ಇದು ಫಿಲಂ ಮಾರುವ ಪುಕ್ಕಟೆ. ಆದರೂ ಅದರಲ್ಲಿ ಕುಣಿದ, ಹಾಡಿದ ಎಷ್ಟೋ ಹೆಂಗಸರಿಗೆ ಅದು ಮರ್ಯಾದೆಯ ಸಂಪಾದನೆಯೂ ಆಗಿತ್ತು, ಹಾಗಾಗಿ ಪೂರ್ತಿ ನಗಾಡಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಥರದ್ದು ಊರಿನವರಿಗಾಗಿ ಇದ್ದದ್ದು. 1920ರ ದಶಕದ ಕೊನೆಯಿಂದ ಮೇ 1ನ್ನು ಲೇ ದಿನ ಅಂತ ಆಚರಿಸುತ್ತಾ ಬಂದಿದ್ದಾರೆ. ಲೇ ಅಂದರೆ ಹೂಮಾಲೆ. ಹೊನೊಲುಲುವಿನ ನಗರಾಡಳಿತದ ಪಾರ್ಕ್ ಇಲಾಖೆಯೇ ಆ ಹಬ್ಬ ನಡೆಸುತ್ತದೆ, ಮಾಲೆ ಕಟ್ಟುವವರಿಗೆ ಸ್ಪರ್ಧೆ ಇಡುತ್ತದೆ. ಪಾರ್ಕುಗಳಲ್ಲಿ ಹುಲಾ, ಯುಕುಲೇಲೆ, ಲೇ ಕಟ್ಟುವ ಪಾಠಗಳನ್ನು ಪುಕ್ಕಟೆಯಾಗಿಯೋ ಅಲ್ಪ ಶುಲ್ಕಕ್ಕೋ ನಡೆಸುತ್ತಾ ಬಂದಿದೆ. ಹೆಸರಾಂತ ಗೀತರಚನೆಕಾರ್ತಿ, ಗಿಟಾರ್ ವಾದಕಿ ಆಲಿಸ್ ನಮಕೆಲುವ ಈ ಇಲಾಖೆಯಲ್ಲಿ ಕೆಲಸ ಮಾಡಿದವರು. ಪ್ರವಾಸಿಗನಿಗೆ ಕಾಣದ ಕೆಲಸ ಇದು. ಸಂಜೆ ಪಾರ್ಕಿನ ಶೆಡ್ಡಿನ ಕೆಳಗೆ ಹತ್ತು ಮಕ್ಕಳು, ಒಬ್ಬ ಆಂಟಿ.

ಹೀಲೊ ಊರಿನ ಕಥೆ ಇವೆರಡರ ನಡುವಿನದ್ದು. 1960ರ ಮೇ ತಿಂಗಳಲ್ಲಿ ಸುನಾಮಿ ಬಂದು ಅಲ್ಲಿ 61 ಜನ ಸತ್ತರು, ಊರಿನ ವ್ಯಾಪಾರ ಕುಸಿಯಿತು. ಪ್ರವಾಸಿಗರನ್ನು ಕರೆಸೋಕೆ ಅಂತಲೇ 1964ರಲ್ಲಿ ಕಲಾಕೌವ ರಾಜನ ನೆನಪಿನಲ್ಲಿ ಮೆರಿ ಮೊನಾರ್ಕ್ ಹಬ್ಬ ಶುರುವಾಯ್ತು. 1971ರಲ್ಲಿ ಅದಕ್ಕೆ ಹುಲಾ ಸ್ಪರ್ಧೆ ಸೇರಿತು. ಇವತ್ತು ಅದು ಹುಲಾ ಲೋಕದ ಅತಿ ದೊಡ್ಡ ವೇದಿಕೆ. ಸ್ಪರ್ಧೆಯ ಟಿಕೆಟ್ಟಿಗೆ ಪರದಾಟ ಇದ್ದರೂ, ಬುಧವಾರ ರಾತ್ರಿಯ ಪ್ರದರ್ಶನ ಮತ್ತು ಕೈಕಸುಬಿನ ಮೇಳ ಎಲ್ಲರಿಗೂ ಪುಕ್ಕಟೆ. 1978ರಲ್ಲಿ ಮೊವನಲುವ ತೋಟದಲ್ಲಿ ಶುರುವಾದ ಪ್ರಿನ್ಸ್ ಲಾಟ್ ಹುಲಾ ಹಬ್ಬದಲ್ಲಂತೂ ಸ್ಪರ್ಧೆಯೇ ಇಲ್ಲ. ಅದೇ 1978ರಲ್ಲಿ ಹವಾಯಿ ಭಾಷೆ ರಾಜ್ಯದ ಅಧಿಕೃತ ಭಾಷೆಗಳಲ್ಲಿ ಒಂದಾಯ್ತು.

ವೈಕೀಕಿಯ ನಡುವೆ ಹೆಲುಮೊವ ಅನ್ನುವ ಜಾಗ ಇದೆ. ಹಿಂದೆ ರಾಜಮನೆತನದ ತೆಂಗಿನ ತೋಪು. ಅದರ ಮೇಲೆ ಈಗ ರಾಯಲ್ ಹವಾಯಿಯನ್ ಸೆಂಟರ್ ಅನ್ನುವ ಅಂಗಡಿ ಸಂಕೀರ್ಣ ನಿಂತಿದೆ. ಹುಲಾ, ಯುಕುಲೇಲೆ, ಲೇ, ಲಾವುಹಲ ಪಾಠಗಳನ್ನು ಪುಕ್ಕಟೆಯಾಗಿ ನಡೆಸುವುದಕ್ಕೆ ಅದು ಹೆಸರುವಾಸಿ. ಆ ನೆಲದ ಒಡೆತನ ಕಮೇಹಮೇಹ ಶಾಲೆಗಳದ್ದು. ಅಂದರೆ 1884ರಲ್ಲಿ ತೀರಿಕೊಂಡ ರಾಜಕುಮಾರಿ ಬರ್ನಿಸ್ ಪೌವಾಹಿ ಬಿಷಪ್ ತನ್ನ ಜಮೀನನ್ನು ಮಕ್ಕಳ ವಿದ್ಯೆಗೆ ಅಂತ ಬರೆದಿಟ್ಟಳಲ್ಲ, ಆ ಉಯಿಲಿನಿಂದ 1887ರಲ್ಲಿ ಶುರುವಾದ ಸಂಸ್ಥೆ. ಮೇಲೆ ಕೋಟಿ ಬೆಲೆಯ ಅಂಗಡಿ, ಅದರ ಬಾಡಿಗೆ ಹವಾಯಿ ಮಕ್ಕಳ ಶಾಲೆಗೆ, ಅಂಗಳದಲ್ಲಿ ಪುಕ್ಕಟೆ ಪಾಠ. ಇದನ್ನು ಓದಿದ ಮೇಲೆ, ಬರೀ ಗಿರಾಕಿ ಸೆಳೆಯುವ ಉಪಾಯ ಅಂದುಕೊಂಡಿದ್ದಕ್ಕೆ ನನಗೇ ನಾಚಿಕೆಯಾಯ್ತು. ಗಿರಾಕಿ ಸೆಳೆಯೋದು ಇದ್ದೇ ಇದೆ. ಅದಷ್ಟೇ ಅಲ್ಲ ಅನ್ನೋದು ನಾನು ಕಲಿತದ್ದು.

ಹಾಗಂತ ಎಲ್ಲವನ್ನೂ ಬೀದಿಗೆ ತಂದರಾ? ಇಲ್ಲ. ಮೊದಲು ಹೇಳಿದೆನಲ್ಲ, ಹಾಲೌ ಒಳಗಿನ ಕಟ್ಟುಪಾಡು, ಅದು ಈಗಲೂ ಇದೆ. ಕೆಲವು ಮೆಲೆ ಗುರುವಿನ ಅಪ್ಪಣೆ ಇಲ್ಲದೆ ಯಾರೂ ಮಾಡುವುದಿಲ್ಲ. ಕುಮು ಆಗಲು ವರ್ಷಗಟ್ಟಲೆ ಕಲಿತು ಉನಿಕಿ ಅನ್ನುವ ವಿಧಿ ಮುಗಿಸಬೇಕು. ಬಾಗಿಲು ಎಲ್ಲರಿಗೂ ತೆರೆದಿದೆ, ಗರ್ಭಗುಡಿ ಮಾತ್ರ ಒಳಗಿದೆ. ಯಾವುದನ್ನು ಹಂಚಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಅಂತ ತಾವೇ ತೀರ್ಮಾನಿಸುವ ಹಕ್ಕು ಒಂದು ಕಾಲದಲ್ಲಿ ಅವರ ಕೈತಪ್ಪಿತ್ತು. ಆ ಹಕ್ಕು ವಾಪಸ್ ಬಂದಿರೋದರಿಂದಲೇ ಅವರು ಧಾರಾಳವಾಗಿ ಕೊಡ್ತಾ ಇದ್ದಾರೆ ಅಂತ ನನಗನ್ನಿಸುತ್ತೆ.

ಬ್ಲಾಗಿಗರಾದ ನಮಗೆ ಇಷ್ಟವಾಗುವ ಇನ್ನೊಂದು ಸಂಗತಿ ಇದೆ. ಹವಾಯಿ ಭಾಷೆಯವರೂ ನಮ್ಮ ಹಾಗೇ ಫಾಂಟಿನ ಕಷ್ಟ ಪಟ್ಟವರು. ಅವರ ಒಕಿನ ಅನ್ನುವ ಅಕ್ಷರಕ್ಕೆ ಮೊದಲು ಬೇರೆ ಬೇರೆ ಫಾಂಟುಗಳು, ಯುನಿಕೋಡ್ ಬಂದ ಮೇಲೆ ಉಸಿರಾಡಿದರು. ಆ ಹಳೆಯ ಪತ್ರಿಕೆಗಳ ಸ್ಕ್ಯಾನುಗಳನ್ನು ಹುಡುಕಬಲ್ಲ ಪಠ್ಯ ಮಾಡೋಕೆ 2011ರ ನವೆಂಬರಿನಲ್ಲಿ ಒಂದು ಕರೆ ಕೊಟ್ಟರು. ಸಾವಿರಾರು ಜನ ಮನೆಯಲ್ಲಿ ಕೂತು ಪುಟ ಪುಟ ಟೈಪ್ ಮಾಡಿದರು. ಪುಕ್ಕಟೆಯಾಗಿ! ನಿಮ್ಮಲ್ಲಿ ಕನ್ನಡ ವಿಕಿಸೋರ್ಸಿಗೆ ಟೈಪ್ ಮಾಡಿದವರಿಗೆ ಆ ಖುಷಿ ಏನು ಅಂತ ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಓದಿ ಮುಗಿಸಿದ ಮೇಲೂ ಆಂಟಿ ಕೇಳಿದ ಪ್ರಶ್ನೆ ಹಾಗೇ ಉಳಿದಿದೆ. ನಿನಗೆ ಬರುತ್ತಾ? ನಮ್ಮ ಅಜ್ಜಿಗೆ ಯಾರೂ ಚಾಪೆ ಹೆಣೆಯಬೇಡ ಅಂತ ಆಜ್ಞೆ ಹೊರಡಿಸಿರಲಿಲ್ಲ, ಲೈಸೆನ್ಸ್ ಕೇಳಿರಲಿಲ್ಲ. ಅಜ್ಜಿ ಹೆಣೆಯುವಾಗ ನಾನು ಪಕ್ಕದಲ್ಲೇ ಕೂತು ಗಣಿತದ ಲೆಕ್ಕ ಬಿಡಿಸುತ್ತಿದ್ದೆ, ಅಷ್ಟೇ. ಅವರಲ್ಲಿ ಕಸಿದುಕೊಂಡದ್ದನ್ನು ನಾನು ಕೈಯಾರೆ ಬಿಟ್ಟೆ.

ನಿನ್ನೆ ರಾತ್ರಿ ಊರಿಗೆ ಫೋನ್ ಮಾಡಿದೆ. ದೊಡ್ಡಮ್ಮನಿಗೆ ಚಾಪೆ ಹೆಣೆಯೋಕೆ ಬರುತ್ತೆ ಅಂತ ಅಮ್ಮ ಹೇಳಿದ್ದರು. "ಈಗ ಅದೆಲ್ಲ ಯಾರು ಹೆಣೀತಾರೆ ಮಾರಾಯ? ಅಂಗಡಿಯಲ್ಲಿ ಪ್ಲಾಸ್ಟಿಕ್ ಚಾಪೆ ಸಿಗ್ತದಲ್ಲ" ಅಂತ ನಕ್ಕರು. ನನಗೆ ಕಲಿಸ್ತೀರಾ ದೊಡ್ಡಮ್ಮ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕಲಿಸುವ. ಹೆಣೆಯೋದು ಆಮೇಲೆ. ಮೊದಲು ತೋಡಿನ ಬದಿಗೆ ಹೋಗಿ ಎಲೆ ಕೊಯ್ದು ತಂದು ಮುಳ್ಳು ತೆಗೀಬೇಕು. ಕೈಯೆಲ್ಲ ಗೀರ್ತದೆ, ಆಗ್ತದಾ ನಿನಗೆ?" ಅಂದರು.

ಆಗ್ತದೆ ಅಂದಿದ್ದೀನಿ. ದೀಪಾವಳಿಗೆ ಟಿಕೆಟ್ ಬುಕ್ ಆಗಿದೆ. ಸೊಟ್ಟ ಚಾಪೆಯ ಫೋಟೋ ಇಲ್ಲೇ ಹಾಕ್ತೀನಿ, ನಗಬೇಡಿ.

ನಿಮ್ಮ ಮನೆಯಲ್ಲೂ ಹೀಗೆ ಪಕ್ಕದಲ್ಲೇ ಕೂತು ಕಲಿಯದೆ ಬಿಟ್ಟದ್ದು ಏನಾದರೂ ಇದೆಯಾ? ಹೇಳಿ.